ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷದ ಕಾಲ್ಗುಣ: ಎದುರು ಮನೆಯ ಅಜ್ಜಿ ನನ್ನನ್ನೇ ಕರೆದಿದ್ದಾರೆ, ಏನು ಒಯ್ಯಬೇಕು?

ತುಂಗಾತೀರದವನು
ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿಯ ಕಡೆಯವರು. ಕೆಲಸದ ನಿಮಿತ್ತ ಈ ಆಗಸ್ಟ್ ತಿಂಗಳಲ್ಲಿ ಎಡಿನ್‌ಬರೋ ನಗರಕ್ಕೆ ಬಂದು, ಲೀತ್ ಬಡಾವಣೆಯ ಹಳೆಯ ಕಲ್ಲುಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಎಂಟು ಮನೆಗಳಿಗೆ ಸೇರಿ ಒಂದೇ ಮೆಟ್ಟಿಲುಸಾಲು. ವಾರಕ್ಕೊಂದು ಮನೆಯವರಂತೆ ಸರದಿಯ ಮೇಲೆ ಅದನ್ನು ಗುಡಿಸಿ ಒರೆಸಬೇಕು. ನಮ್ಮ ಸರದಿಯ ವಾರ ನಾನು ಮೆಟ್ಟಿಲು ಒರೆಸುತ್ತಿದ್ದಾಗ ಎದುರು ಬಾಗಿಲಿನ ಅಜ್ಜಿಯೊಬ್ಬರು ಹೊರಗೆ ಬಂದರು. ಎಂಬತ್ತು ದಾಟಿದವರು. ಸ್ವಲ್ಪ ಹೊತ್ತು ನನ್ನ ತಲೆಯನ್ನೇ ದಿಟ್ಟಿಸಿ ನೋಡಿ, "ನಿನ್ನ ಕೂದಲು ಒಳ್ಳೆಯ ಕಪ್ಪಗಿದೆ, ಎತ್ತರವೂ ಇದ್ದೀಯ; 31ನೆಯ ತಾರೀಖು ರಾತ್ರಿ ಹನ್ನೆರಡು ಹೊಡೆದ ಕೂಡಲೇ ನಮ್ಮ ಮನೆಯೊಳಗೆ ಮೊದಲು ಕಾಲಿಡುವವನು ನೀನೇ ಆಗಬೇಕು" ಎಂದರು. ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

ಕಚೇರಿಯಲ್ಲಿ ವಿಚಾರಿಸಿದಾಗ, ಇದು ಇಲ್ಲಿ 'ಫಸ್ಟ್ ಫುಟ್' ಎಂದು ಕರೆಯುವ ಹಳೆಯ ವಾಡಿಕೆಯೆಂದೂ, ಹೊಸ ವರ್ಷದಲ್ಲಿ ಹೊಸ್ತಿಲು ದಾಟುವ ಮೊದಲ ವ್ಯಕ್ತಿಯ ಮೇಲೆ ಆ ಮನೆಯ ಇಡೀ ವರ್ಷದ ಅದೃಷ್ಟ ನಿಂತಿದೆಯೆಂದು ನಂಬುತ್ತಾರೆಂದೂ ತಿಳಿಯಿತು. ನಾವು ಕಾಲ್ಗುಣ ಎನ್ನುತ್ತೇವಲ್ಲ, ಅದೇ. ನನ್ನ ಆತಂಕ ಶುರುವಾಗಿದ್ದೂ ಅಲ್ಲಿಂದಲೇ. ನಮ್ಮೂರಿನಲ್ಲಿ ಹೊಸ ಸೊಸೆ ಬಂದ ವರ್ಷ ಹಸು ಹೆಣ್ಣುಕರು ಹಾಕಿದರೂ ಅವಳ ಕಾಲ್ಗುಣ, ಅಡಕೆಗೆ ಕೊಳೆರೋಗ ಬಂದರೂ ಅವಳ ಕಾಲ್ಗುಣ. ಬರುವ ಮಾರ್ಚ್ ತಿಂಗಳಲ್ಲಿ ಅಜ್ಜಿಯ ಮಂಡಿನೋವು ಉಲ್ಬಣಿಸಿದರೆ ಆ ಮಾತು ನಿಮ್ಮ ತಲೆಗೆ ಬರುತ್ತದೆ, ಸುಮ್ಮನಿರಿ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ.

ಹೋಗುವುದಾದರೆ ಏನು ಒಯ್ಯಬೇಕು, ಏನು ಹೇಳಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ನಾವು ಮಾಂಸ, ಮದ್ಯ ಎರಡನ್ನೂ ಮುಟ್ಟುವವರಲ್ಲ. ಏಳು ವರ್ಷದ ಮಗಳಿಗೆ ಜನವರಿಯಲ್ಲಿ ಬರ್ನ್ಸ್ ಕವಿಯ ಪದ್ಯವೊಂದನ್ನು ಬಾಯಿಪಾಠ ಮಾಡಿಸಬೇಕೆಂದು ಶಾಲೆಯಿಂದ ಸೂಚನೆ ಬಂದಿದೆ. ಅದರ ಸುತ್ತ ಒಂದು ಔತಣವೂ ಇದೆಯಂತೆ. ಇದರ ಜೊತೆಗೆ, ವರ್ಷದುದ್ದಕ್ಕೂ ಇಲ್ಲಿಯ ಜನ ಮನಸ್ಸಿಟ್ಟು ಮಾಡುವ ಹಬ್ಬಗಳು ಯಾವುವು ಎಂಬುದನ್ನೂ ತಿಳಿಯುವ ಆಸೆಯಿದೆ. ಪ್ರವಾಸಿಗಳಿಗೆಂದು ಅಚ್ಚುಹಾಕಿಸಿದ ಪಟ್ಟಿ ನನ್ನ ಬಳಿ ಇದೆ. ನನಗೆ ಬೇಕಾಗಿರುವುದು ಇಲ್ಲಿ ಬಾಳ್ವೆ ಮಾಡಿದವರ ಮಾತು.

ಫೈಫ್‌ವಾಸಿ
ಡಿಸೆಂಬರ್ 10

ತಪ್ಪದೆ ಹೋಗಿ. ಇಪ್ಪತ್ನಾಲ್ಕು ವರ್ಷಗಳಿಂದ ಡನ್‌ಫರ್ಮ್‌ಲಿನ್‌ನಲ್ಲಿರುವ ನನಗೆ ಇಂಥ ಕರೆ ಬಂದದ್ದು ಎರಡೇ ಸಲ. ಕೂದಲು ನರೆತ ಮೇಲಂತೂ ಯಾರೂ ಈ ಕಡೆ ತಿರುಗಿ ನೋಡಿಲ್ಲ.

ಡಿಸೆಂಬರ್ 31ನ್ನು ಇಲ್ಲಿಯವರು ಹಾಗ್ಮನೇ ಎನ್ನುತ್ತಾರೆ. ಉಚ್ಚರಿಸುವಾಗ ಕೊನೆಯ ಅಕ್ಷರದ ಮೇಲೆ ಒತ್ತು ಬೀಳಬೇಕು. ಮೊದಲು ಕಾಲಿಡುವವನು ಎತ್ತರದ, ಕಪ್ಪುಗೂದಲಿನ ಗಂಡಸಾಗಿದ್ದರೆ ಶುಭ. ಹೊಂಗೂದಲಿನವನು ಬಂದರೆ ಅಶುಭ, ಏಕೆಂದರೆ ಹಿಂದೆ ದೋಣಿಗಳಲ್ಲಿ ಬಂದು ಊರು ಕೊಳ್ಳೆ ಹೊಡೆಯುತ್ತಿದ್ದ ವೈಕಿಂಗರು ಹೊಂಗೂದಲಿನವರು ಎಂದು ಜನ ಕಾರಣ ಕೊಡುತ್ತಾರೆ. ಕೆಂಗೂದಲಿನವರು ಮತ್ತು ಹೆಂಗಸರು ಕೂಡ ಹಳೆಯ ನಂಬಿಕೆಯಲ್ಲಿ ಬೇಡವಾದವರೇ. ಮೈಬಣ್ಣ, ಕೂದಲಿನ ಬಣ್ಣಗಳ ಕಾರಣದಿಂದಲೇ ನಮ್ಮಂಥವರಿಗೆ ಮೊದಲ ಮಣೆ ಸಿಗುವ ಸಂದರ್ಭ ಈ ದೇಶದಲ್ಲಿ ಇದೊಂದೇ ಇರಬೇಕು, ಕೈಬಿಡಬೇಡಿ.

ಬರಿಗೈಯಲ್ಲಿ ಹೋಗುವುದು ಮಾತ್ರ ದೊಡ್ಡ ಅಪಶಕುನ. ಒಂದು ತುಂಡು ಕಲ್ಲಿದ್ದಲು, ಸ್ವಲ್ಪ ಉಪ್ಪು, ಶಾರ್ಟ್‌ಬ್ರೆಡ್, ಒಂದು ಬಾಟಲಿ ವಿಸ್ಕಿ, ಇಷ್ಟು ವಾಡಿಕೆಯ ಸಾಮಾನು. ವರ್ಷವಿಡೀ ಒಲೆ ಆರದಿರಲಿ, ಊಟಕ್ಕೆ, ಸಂತೋಷಕ್ಕೆ ಕೊರತೆಯಾಗದಿರಲಿ ಎಂಬುದು ಅದರ ಆಶಯ. ವಿಸ್ಕಿ ಒಯ್ಯಲು ಮನಸ್ಸಿಲ್ಲದಿದ್ದರೆ ಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಶಾರ್ಟ್‌ಬ್ರೆಡ್ಡಿನಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆ ಮೂರೇ ಇರುವುದರಿಂದ ನಿಮ್ಮ ಮನೆಯಲ್ಲಿಯೇ ಮಾಡಿಕೊಂಡು ಹೋಗಬಹುದು, ಮೊಟ್ಟೆಯ ಗೊಡವೆಯಿಲ್ಲ. ಬಾಗಿಲು ತೆರೆದಾಗ "ಲ್ಯಾಂಗ್ ಮೇ ಯರ್ ಲಮ್ ರೀಕ್" ಎಂದು ಹೇಳಿ. ನಿಮ್ಮ ಮನೆಯ ಹೊಗೆಗೂಡಿನಿಂದ ಬಹುಕಾಲ ಹೊಗೆಯೇಳುತ್ತಿರಲಿ ಎಂದು ಅದರ ಅರ್ಥ. ಇನ್ನೊಂದು ಮುಖ್ಯ ವಿಷಯ: ಹನ್ನೆರಡು ಹೊಡೆಯುವುದಕ್ಕೆ ಮೊದಲೇ ಅಜ್ಜಿಯ ಮನೆಯೊಳಗೆ ಕುಳಿತಿದ್ದರೆ ನೀವು ಲೆಕ್ಕಕ್ಕೆ ಬರುವುದಿಲ್ಲ, ಹೊರಗೆ ನಿಂತಿದ್ದು, ಗಂಟೆ ಬಾರಿಸಿದ ಮೇಲೆಯೇ ಬಾಗಿಲು ತಟ್ಟಬೇಕು. ಅಂದು ಹಗಲು ಅಜ್ಜಿ ಮನೆಯನ್ನೆಲ್ಲ ಗುಡಿಸಿ ಸಾರಿಸುವುದನ್ನು ಕಾಣುವಿರಿ. ಯುಗಾದಿಗೆ ಮುಂಚೆ ನಮ್ಮಲ್ಲಿ ಧೂಳು ಹೊಡೆಯುವಂತೆಯೇ ಇದು. ಒಲೆಯ ಬೂದಿಯನ್ನು ಹೊರಹಾಕಿ, ಕೈಗಡಗಳನ್ನು ತೀರಿಸಿ ಹೊಸ ವರ್ಷಕ್ಕೆ ಕಾಲಿಡಬೇಕೆಂಬುದು ಹಿರಿಯರ ಶಿಸ್ತು.

ಇಲ್ಲಿ ಕ್ರಿಸ್ಮಸ್ಸಿಗಿಂತ ಹೊಸ ವರ್ಷಕ್ಕೇ ಇಷ್ಟು ಮಹತ್ವ ಬಂದದ್ದೇಕೆ ಎಂಬುದನ್ನು ತಿಳಿದರೆ ಉಳಿದದ್ದು ತಾನೇ ಬಿಡಿಸಿಕೊಳ್ಳುತ್ತದೆ. 1560ರ ಧರ್ಮಸುಧಾರಣೆಯ ನಂತರ ಸ್ಕಾಟ್ಲೆಂಡಿನ ಚರ್ಚು ಕ್ರಿಸ್ಮಸ್ಸನ್ನು ಬೈಬಲ್ಲಿನಲ್ಲಿ ಆಧಾರವಿಲ್ಲದ ಹಬ್ಬವೆಂದು ತಿರಸ್ಕರಿಸಿತು. 1640ರಲ್ಲಿ ಇಲ್ಲಿಯ ಸಂಸತ್ತು ಅದರ ರಜೆಯನ್ನೇ ಕಾನೂನಿನ ಮೂಲಕ ರದ್ದುಮಾಡಿತು. ಆ ಕಾನೂನು ಹೋದ ಮೇಲೂ ರೂಢಿ ಹೋಗಲಿಲ್ಲ. ಡಿಸೆಂಬರ್ 25 ಸ್ಕಾಟ್ಲೆಂಡಿನಲ್ಲಿ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ನನ್ನ ಹಳೆಯ ಮನೆಮಾಲೀಕರು ಹುಡುಗರಾಗಿದ್ದಾಗ ಅವರ ತಂದೆ ಆ ದಿನವೂ ಗಣಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರಂತೆ. ಹಗಲು ಏಳೇ ಗಂಟೆಯಿರುವ ನಡುಚಳಿಗಾಲದಲ್ಲಿ ಜನಕ್ಕೆ ಏನಾದರೊಂದು ಸಂಭ್ರಮ ಬೇಕಲ್ಲ, ಅದೆಲ್ಲ ಹಾಗ್ಮನೇ ಕಡೆಗೆ ಹರಿಯಿತು. ಜನವರಿ 2 ಕೂಡ ಇಲ್ಲಿ ರಜೆಯಾಗಿರುವುದು ಅದರ ಗುರುತೇ. ಇಂಗ್ಲೆಂಡಿನಲ್ಲಿ ಆ ರಜೆಯಿಲ್ಲ.

ನಿಮ್ಮ ನಗರದ ಹಾಗ್ಮನೇ ಬೀದಿ ಉತ್ಸವ 1993ರಿಂದ ಈಚಿನದು, ಟಿಕೇಟು ಬೇಕು. ಗಾಳಿಮಳೆಯಿಂದ ಹಲವು ಸಲ ನಿಂತುಹೋಗಿದೆ, 2024ರ ಕೊನೆಯ ರಾತ್ರಿಯೂ ಹಾಗೆಯೇ ಆಯಿತು. ನನ್ನನ್ನು ಕೇಳಿದರೆ ಅದಕ್ಕಿಂತ ಬರ್ಗ್‌ಹೆಡ್ ಎಂಬ ಮೀನುಗಾರರ ಊರಿಗೆ ಜನವರಿ 11ರಂದು ಹೋಗಿಬನ್ನಿ. 1752ರಲ್ಲಿ ಪಂಚಾಂಗ ಬದಲಾಗಿ ಹನ್ನೊಂದು ದಿನ ಹಾರಿಹೋದಾಗ ಈ ಊರಿನವರು ತಮ್ಮ ಹಳೆಯ ವರ್ಷಾಂತ್ಯವನ್ನು ಬಿಟ್ಟುಕೊಡಲಿಲ್ಲ. ಚಾಂದ್ರಮಾನಕ್ಕೊಂದು, ಸೌರಮಾನಕ್ಕೊಂದು ಯುಗಾದಿ ಮಾಡುವ ನಾಡಿನವರಾದ ನಮಗೆ ಇದೇನೂ ವಿಚಿತ್ರವಲ್ಲ. ಟಾರು ತುಂಬಿದ ಅರ್ಧ ಪೀಪಾಯಿಗೆ ಬೆಂಕಿ ಹಚ್ಚಿ, ಅದನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುತ್ತಾರೆ. ಅದರ ಹೆಸರು ಕ್ಲೇವಿ. ಕೊನೆಗೆ ಗುಡ್ಡದ ಮೇಲೆ ಅದು ಉರಿದು ಕುಸಿಯುವಾಗ, ಕರಿಕಾದ ಒಂದು ಚೂರನ್ನಾದರೂ ಮನೆಗೆ ಒಯ್ಯಬೇಕೆಂದು ಜನ ಮುಗಿಬೀಳುತ್ತಾರೆ. ಒಬ್ಬ ಮುದುಕರು ನನ್ನ ಕೈಗೊಂದು ಚೂರು ಕೊಟ್ಟರು. ಆ ಕೋಟಿನ ಜೇಬಿನಿಂದ ಟಾರಿನ ವಾಸನೆ ಇಂದಿಗೂ ಹೋಗಿಲ್ಲ.

ಧಾರವಾಡದಾಕಿ
ಡಿಸೆಂಬರ್ 10

ಮಗಳ ಪದ್ಯ ಮತ್ತು ಔತಣದ ಬಗ್ಗೆ ನಾನು ಹೇಳಬಲ್ಲೆ. ಗ್ಲಾಸ್ಗೋದಲ್ಲಿ ಹನ್ನೊಂದು ಬರ್ನ್ಸ್ ರಾತ್ರಿಗಳನ್ನು ಕಳೆದಿದ್ದೇನೆ, ಎಲ್ಲವನ್ನೂ ಶಾಕಾಹಾರಿಯಾಗಿಯೇ.

ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಆಲೋವೇ ಎಂಬ ಹಳ್ಳಿಯಲ್ಲಿ, ಬೇಸಾಯಗಾರನ ಮಗ. ತೀರಿಕೊಂಡಾಗ ಮೂವತ್ತೇಳು ವರ್ಷ. ಅವನು ಹೋಗಿ ಐದು ವರ್ಷದ ಮೇಲೆ, 1801ರಲ್ಲಿ, ಒಂಬತ್ತು ಮಂದಿ ಗೆಳೆಯರು ಅವನು ಹುಟ್ಟಿದ ಮನೆಯಲ್ಲೇ ಕೂಡಿ ಉಂಡು ಅವನನ್ನು ನೆನೆದರು. ಮರುವರ್ಷ ಗ್ರೀನಕ್ ಊರಿನ ಅಭಿಮಾನಿಗಳು ಹುಟ್ಟುಹಬ್ಬವೆಂದು ತಿಳಿದು ಜನವರಿ 29ರಂದು ಔತಣ ಮಾಡಿದರು. ಆಮೇಲೆ ಚರ್ಚಿನ ದಾಖಲೆ ತೆಗೆಸಿ ನೋಡಿದರೆ ತಾರೀಖು 25 ಆಗಿತ್ತು! ಕವಿಯೊಬ್ಬನ ಜನ್ಮದಿನವನ್ನು ಸರಕಾರದ ಸುತ್ತೋಲೆಯಿಲ್ಲದೆ, ಹಾರತುರಾಯಿಯಿಲ್ಲದೆ, ಮನೆಮನೆಯಲ್ಲಿ ಉಂಡು ಹಾಡಿ ಆಚರಿಸುವುದನ್ನು ಕಂಡಾಗಲೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚು ಆಗುತ್ತದೆ.

ಔತಣದ ನಡುನಾಯಕ ಹ್ಯಾಗಿಸ್. ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮೆಣಸು ಸೇರಿಸಿ, ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಬೇಯಿಸಿದ್ದು. ಅದನ್ನು ತಟ್ಟೆಯಲ್ಲಿಟ್ಟು ಬ್ಯಾಗ್‌ಪೈಪ್ ಊದುತ್ತ ಮೆರವಣಿಗೆಯಲ್ಲಿ ತರುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಮನೆಯ ಯಜಮಾನ ಹ್ಯಾಗಿಸ್ಸನ್ನೇ ಸಂಬೋಧಿಸಿ ಬರ್ನ್ಸ್ ಬರೆದ ಪದ್ಯವನ್ನು ಹೇಳುತ್ತ, ಚಾಕುವಿನ ಮಾತು ಬರುವ ಸಾಲಿಗೆ ಚಾಕುವನ್ನು ಒರೆಸಿ, ಮುಂದಿನ ಸಾಲಿಗೆ ಒಂದೇ ಏಟಿಗೆ ಸೀಳುತ್ತಾನೆ. ನಿಮಗೆ ಸಮಾಧಾನದ ಸಂಗತಿಯೆಂದರೆ, 1984ರಿಂದ ಅಂಗಡಿಗಳಲ್ಲಿ ಶಾಕಾಹಾರಿ ಹ್ಯಾಗಿಸ್ ಸಿಗುತ್ತಿದೆ. ಬೇಳೆ, ಹುರುಳಿಕಾಯಿಬೀಜ, ಅಣಬೆ, ಗಜ್ಜರಿ, ಓಟ್ಸ್ ಹಾಕಿ ಮಾಡಿದ್ದು. ಮೆಣಸಿನ ಖಾರ ಮುಂದಾಗಿ ಬರುವುದರಿಂದ ನಮ್ಮ ನಾಲಿಗೆಗೆ ಹಿಡಿಸುತ್ತದೆ. ನಮ್ಮವ್ವ ಇಲ್ಲಿಗೆ ಬಂದಿದ್ದಾಗ ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಜೊತೆಗೆ ಬರುವ 'ನೀಪ್ಸ್' ಎಂದರೆ ನವಿಲುಕೋಸಿನ ನೆಂಟನಂತಿರುವ ಹಳದಿ ತಿರುಳಿನ ಗೆಡ್ಡೆ, 'ಟ್ಯಾಟೀಸ್' ಎಂದರೆ ಆಲೂಗಡ್ಡೆ. ಎರಡನ್ನೂ ಬೇಯಿಸಿ ಹಿಸುಕಿರುತ್ತಾರೆ. ಆದರೆ ಒಂದು ಎಚ್ಚರಿಕೆ. ಒಮ್ಮೆ ಒಂದು ಸಭಾಂಗಣದಲ್ಲಿ ನನಗೆ ಶಾಕಾಹಾರಿ ಹ್ಯಾಗಿಸ್ಸನ್ನೇ ತಂದಿಟ್ಟರು, ಮೇಲೆ ಮಾತ್ರ ಎಲ್ಲರಿಗೂ ಸುರಿದ ಮಾಂಸದ ಗೊಜ್ಜನ್ನೇ ಸುರಿದರು. ಅಂದು ಬರಿಯ ಆಲೂಗಡ್ಡೆ ಉಂಡು ಬಂದೆ. ಗೊಜ್ಜಿನ ಬಗ್ಗೆ ಮತ್ತು ಸಿಹಿತಿನಿಸಿನಲ್ಲಿ ಪ್ರಾಣಿಗಳ ಕೊಬ್ಬು ಇದೆಯೇ ಎಂಬುದರ ಬಗ್ಗೆ ಮೊದಲೇ ಕೇಳಿ.

ಮಗಳಿಗೆ ಇಲಿಯ ಮೇಲಿನ ಪದ್ಯವನ್ನು ಕಲಿಸಿ. 1785ರ ನವೆಂಬರಿನಲ್ಲಿ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿ ಇಲಿಯ ಗೂಡು ಒಡೆದುಹೋಯಿತೆಂದು, ಆ ಇಲಿಯ ಕ್ಷಮೆ ಬೇಡುತ್ತ ಬರೆದದ್ದು ಅದು. ಮಕ್ಕಳಿಗೆ ಕೂಡಲೇ ತಾಗುತ್ತದೆ. ಪದಗಳನ್ನು ಇಂಗ್ಲಿಷಿನಂತೆ ಓದಿಸಬೇಡಿ; ಅದು ಸ್ಕಾಟ್ಸ್ ಎಂಬ ಬೇರೆ ನುಡಿ, ಅದರಲ್ಲಿ ರಕಾರ ನಮ್ಮದರಂತೆ ನಾಲಿಗೆ ಮಿಡಿದು ಬರುತ್ತದೆ. ಲಂಡನ್ನಿನ ಮಕ್ಕಳಿಗಿಂತ ಕನ್ನಡದ ಮಕ್ಕಳೇ ಅದನ್ನು ಚೆನ್ನಾಗಿ ಹೇಳುತ್ತಾರೆಂಬುದು ನನ್ನ ಅನುಭವ. ಕೊನೆಯಲ್ಲಿ 'ಆಲ್ಡ್ ಲ್ಯಾಂಗ್ ಸೈನ್' ಹಾಡುವಾಗ ಕೈಗಳನ್ನು ಕತ್ತರಿಯಂತೆ ಎದೆಯ ಮೇಲೆ ಹಾಯಿಸಿ ಪಕ್ಕದವರನ್ನು ಹಿಡಿದುಕೊಳ್ಳಬೇಕು, ಅದೂ ಕೊನೆಯ ನುಡಿಗೆ ಮಾತ್ರ. ಮೊದಲ ನುಡಿಗೇ ಹಾಗೆ ಮಾಡುವವರು ಹೊರಗಿನವರೆಂದು ಗೊತ್ತಾಗಿಬಿಡುತ್ತದೆ.

ಪಡುವಣಗಾಳಿ
ಡಿಸೆಂಬರ್ 12

ಪ್ರಶ್ನೆ ಕೇಳಿದವರು ಎಡಿನ್‌ಬರೋದಲ್ಲಿಯೇ ನಿಲ್ಲಬಾರದು. ಆಸ್ಪತ್ರೆಯ ಕೆಲಸದ ಮೇಲೆ ನಾನು ಶೆಟ್ಲೆಂಡ್ ದ್ವೀಪಗಳ ಲರ್ವಿಕ್ ಪಟ್ಟಣದಲ್ಲಿ ಮೂರು ಚಳಿಗಾಲ ಇದ್ದೆ. ಮಲ್ಪೆಯ ಕಡಲು ನೋಡಿ ಬೆಳೆದವಳಾದರೂ ಅಲ್ಲಿಯ ಗಾಳಿ ನನಗೆ ಹೊಸದು. ಈ ದ್ವೀಪಗಳು ಸ್ಕಾಟ್ಲೆಂಡಿಗೆ ಬಂದ ಕಥೆಯೇ ಸ್ವಾರಸ್ಯಕರ: ಡೆನ್ಮಾರ್ಕ್ ಮತ್ತು ನಾರ್ವೆಗಳ ದೊರೆ ತನ್ನ ಮಗಳನ್ನು ಸ್ಕಾಟ್ಲೆಂಡಿನ ಮೂರನೆಯ ಜೇಮ್ಸ್‌ಗೆ ಕೊಟ್ಟಾಗ ವರದಕ್ಷಿಣೆಯ ಹಣ ಹೊಂದಿಸಲಾಗದೆ 1469ರಲ್ಲಿ ಶೆಟ್ಲೆಂಡನ್ನು ಅಡವಿಟ್ಟ. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅಲ್ಲಿಯವರು ಇಂದಿಗೂ ತಮ್ಮನ್ನು ಅರ್ಧ ನಾರ್ವೆಯವರೆಂದೇ ಎಣಿಸುತ್ತಾರೆ.

ಜನವರಿಯ ಕೊನೆಯ ಮಂಗಳವಾರ ಅಲ್ಲಿ 'ಅಪ್ ಹೆಲಿ ಆ' ಎಂಬ ಬೆಂಕಿಹಬ್ಬ ನಡೆಯುತ್ತದೆ. ಆ ವರ್ಷದ ಮುಖ್ಯಸ್ಥನಿಗೆ ಗೈಜರ್ ಯಾರ್ಲ್ ಎಂದು ಹೆಸರು. ಸಮಿತಿಗೆ ಸೇರಿ ಸುಮಾರು 15 ವರ್ಷ ದುಡಿದ ಮೇಲೆ ಅವನ ಸರದಿ ಬರುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಗಂಡ ಅವನ ತಂಡದಲ್ಲಿದ್ದರು. ಎರಡು ವರ್ಷ ಅವರು ಗಡ್ಡ ಬೋಳಿಸಲಿಲ್ಲ, ಮನೆಯ ಅಡುಗೆಕೋಣೆಯಲ್ಲಿ ಗುರಾಣಿಗೆ ಲೋಹದ ತಗಡು ಬಡಿಯುತ್ತಿದ್ದರು, ಆದರೆ ಉಡುಪಿನ ಬಣ್ಣ ಯಾವುದೆಂದು ಹೆಂಡತಿಯ ಗೆಳತಿಯರಿಗೂ ಬಾಯಿ ಬಿಡಲಿಲ್ಲ. ವೈಕಿಂಗ್ ವೇಷ ಆ ಒಂದು ತಂಡಕ್ಕೆ ಮಾತ್ರ. ಉಳಿದ ನಲವತ್ತಕ್ಕೂ ಹೆಚ್ಚು ತಂಡಗಳು ಹೆಣ್ಣುವೇಷವೋ ಹಾಸ್ಯವೇಷವೋ ತಮಗೆ ತೋಚಿದ್ದನ್ನು ಹಾಕಿಕೊಂಡಿರುತ್ತವೆ.

ಸಂಜೆ ಬೀದಿದೀಪಗಳೆಲ್ಲ ಒಮ್ಮೆಲೇ ಆರುತ್ತವೆ. ಆ ಕತ್ತಲಿನಲ್ಲಿ ಸಾವಿರದಷ್ಟು ಪಂಜುಗಳು ಹೊತ್ತಿಕೊಂಡಾಗ ಬರುವ ಬಿಸಿ, ನಾಲ್ಕು ತಿಂಗಳಿಂದ ಕೆನ್ನೆಗೆ ಬರಿಯ ಹಿಮಗಾಳಿ ತಾಗಿದವರಿಗೆ ಮಾತ್ರ ಅರ್ಥವಾಗುತ್ತದೆ. ತಿಂಗಳುಗಟ್ಟಲೆ ಕೂತು ಕಟ್ಟಿದ, ಡ್ರ್ಯಾಗನ್ ತಲೆಯ ಮರದ ಹಡಗನ್ನು ಮೈದಾನಕ್ಕೆ ಎಳೆದು ತಂದು, ಸುತ್ತ ನಿಂತು ಹಾಡಿ, ಪಂಜುಗಳನ್ನೆಲ್ಲ ಅದರೊಳಗೆ ಎಸೆಯುತ್ತಾರೆ. ಹಡಗು ಉರಿದು ಮುಗಿಯಲು ಸ್ವಲ್ಪವೇ ಹೊತ್ತು. ಆಮೇಲೆ ತಂಡಗಳು ಊರಿನ ಒಂದೊಂದು ಸಭಾಂಗಣಕ್ಕೂ ಹೋಗಿ ಪುಟ್ಟ ಪ್ರಹಸನವಾಡಿ, ಕುಣಿದು, ಸೂಪು ಕುಡಿದು ಮುಂದಿನದಕ್ಕೆ ನಡೆಯುತ್ತವೆ. ಬೆಳಕು ಹರಿಯುವವರೆಗೂ ಹೀಗೆಯೇ. ಮರುದಿನ ಊರಿಗೆ ರಜೆ. ಹವಾಮಾನ ಕೆಟ್ಟಿತೆಂದು ಹಬ್ಬವನ್ನು ಮುಂದೂಡುವುದಿಲ್ಲವೆಂಬುದು ಕಟ್ಟುನಿಟ್ಟಾದ ನಿಯಮ.

ಇದನ್ನು ವೈಕಿಂಗರ ಕಾಲದಿಂದ ಬಂದ ಹಬ್ಬವೆಂದು ಮಾತ್ರ ತಿಳಿಯಬೇಡಿ. ಮೊದಲು ಹುಡುಗರು ಉರಿಯುವ ಟಾರಿನ ಪೀಪಾಯಿಗಳನ್ನು ಇಕ್ಕಟ್ಟಿನ ಬೀದಿಗಳಲ್ಲಿ ಎಳೆದಾಡಿ ದಾಂಧಲೆ ಮಾಡುತ್ತಿದ್ದರು. 1870ರ ದಶಕದಲ್ಲಿ ಅದನ್ನು ನಿಲ್ಲಿಸಿದ ಮೇಲೆ, 1881ರಲ್ಲಿ ಪಂಜಿನ ಮೆರವಣಿಗೆ, 1889ರಲ್ಲಿ ಹಡಗು ಸುಡುವುದು ಬಂದವು. ಲರ್ವಿಕ್ಕಿನ ತಂಡಗಳಲ್ಲಿ ಹೆಂಗಸರು ನಡೆಯಬಹುದೆಂದಾದದ್ದು 2023ರಲ್ಲಿ. ಅಲ್ಲಿಯವರೆಗೆ ಸೂಪು ಬೇಯಿಸುವುದೇ ಅವರ ಪಾಲು. ದಕ್ಷಿಣದ ಹಳ್ಳಿಗಳ ಹಬ್ಬದಲ್ಲಿ 2015ರಲ್ಲಿಯೇ ಹೆಣ್ಣುಮಗಳೊಬ್ಬರು ಯಾರ್ಲ್ ಆಗಿದ್ದರೆಂಬುದನ್ನು ಪಟ್ಟಣದವರಿಗೆ ನೆನಪಿಸಿದರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು.

ನೂಲುಹುರಿ
ಡಿಸೆಂಬರ್ 13

ಎಲ್ಲರೂ ಚಳಿಗಾಲದಲ್ಲಿಯೇ ಬೆಂಕಿ ಕಾಯಿಸುತ್ತ ಕುಳಿತಿರುವಂತಿದೆ. ಜವಳಿ ವಿದ್ಯಾರ್ಥಿಯಾಗಿ ಗ್ಯಾಲಶೀಲ್ಸ್ ಪಟ್ಟಣದಲ್ಲಿ ಓದಿದ ನಾನು ಬೇಸಗೆಯ ಪರವಾಗಿ ವಕಾಲತ್ತು ವಹಿಸುತ್ತೇನೆ. ಇಂಗ್ಲೆಂಡಿನ ಎಲ್ಲೆಗೆ ತಾಗಿದ ಬಾರ್ಡರ್ಸ್ ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್ ಮೊದಲಿನವರೆಗೆ ಒಂದೊಂದು ವಾರ ಒಂದೊಂದು ಊರಿನಲ್ಲಿ 'ಕಾಮನ್ ರೈಡಿಂಗ್' ನಡೆಯುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ: ಗೋಮಾಳ ಒತ್ತುವರಿಯಾಗಿದೆಯೇ ಎಂದು ಊರವರೆಲ್ಲ ಸೇರಿ ವರ್ಷಕ್ಕೊಮ್ಮೆ ಗಡಿ ಸುತ್ತಿ ನೋಡುವುದು. ಪಕ್ಕದ ಜಮೀನುದಾರ ಎಲ್ಲೆಕಲ್ಲನ್ನು ರಾತ್ರೋರಾತ್ರಿ ಸರಿಸುವುದು, ಊರಿನ ಹುಲ್ಲುಗಾವಲನ್ನು ತನ್ನದೆಂದು ಬೇಲಿ ಹಾಕಿಕೊಳ್ಳುವುದು ಅಲ್ಲಿಯೂ ಇತ್ತು. ಈಗ ಸರ್ವೆ ನಕ್ಷೆಗಳಿವೆ, ತಕರಾರಿಲ್ಲ. ಆದರೂ ಕುದುರೆ ಏರಿ ಸುತ್ತುವುದು ನಿಂತಿಲ್ಲ.

ಒಂದನ್ನೇ ನೋಡುವುದಾದರೆ ಜೂನ್ ತಿಂಗಳ ಒಂದು ಶುಕ್ರವಾರ ಸೆಲ್ಕರ್ಕ್ ಊರಿಗೆ ಹೋಗಿ. 1513ರ ಫ್ಲಾಡನ್ ಕಾಳಗದಲ್ಲಿ ದೊರೆ ನಾಲ್ಕನೆಯ ಜೇಮ್ಸ್ ಸೇರಿದಂತೆ ಸ್ಕಾಟ್ಲೆಂಡಿನ ಸೈನ್ಯ ನುಚ್ಚುನೂರಾಯಿತು. ಸೆಲ್ಕರ್ಕಿನಿಂದ ಎಂಬತ್ತು ಜನ ಹೋಗಿದ್ದರೆಂದೂ, ಫ್ಲೆಚರ್ ಎಂಬವನೊಬ್ಬನೇ ಶತ್ರುವಿನ ಬಾವುಟ ಹಿಡಿದು ಮರಳಿದನೆಂದೂ, ಉಳಿದವರೆಲ್ಲಿ ಎಂದು ಕೇಳಿದವರಿಗೆ ಬಾಯಲ್ಲಿ ಉತ್ತರ ಹೊರಡದೆ ಆ ಬಾವುಟವನ್ನು ತಲೆಯ ಸುತ್ತ ಬೀಸಿ ನೆಲಕ್ಕೆ ತಾಗಿಸಿದನೆಂದೂ ಊರಿನ ಐತಿಹ್ಯ. ಇಂದಿಗೂ, ನೂರಾರು ಕುದುರೆಗಳು ಹೊಳೆ ದಾಟಿ, ಗುಡ್ಡ ಸುತ್ತಿ ಬಂದ ಮೇಲೆ, ಆ ವರ್ಷಕ್ಕೆ ಆರಿಸಿದ ಮದುವೆಯಾಗದ ತರುಣನೊಬ್ಬ ಸಂತೆಕಟ್ಟೆಯ ವೇದಿಕೆಯ ಮೇಲೆ ನಿಂತು ಧ್ವಜವನ್ನು ಹಾಗೆಯೇ ಬೀಸಿ ಇಳಿಸುತ್ತಾನೆ. ವಾದ್ಯ ನುಡಿಯುತ್ತಿರುತ್ತದೆ. ಅದು ನಿಂತ ಮೇಲೆ ಕೆಲವು ಗಳಿಗೆ ಇಡೀ ಊರು ಸದ್ದಿಲ್ಲದೆ ನಿಲ್ಲುತ್ತದೆ. ನಾನು ಹೋದ ವರ್ಷ ಕೇಳಿಸಿದ್ದು ಒಂದು ಕುದುರೆ ಕಲ್ಲುಹಾಸಿನ ಮೇಲೆ ಗೊರಸು ಬದಲಿಸಿದ ಸದ್ದು ಮಾತ್ರ. ನಾಡಿನ ಹೊರಗೆ ನೆಲೆಸಿದವರು ಕ್ರಿಸ್ಮಸ್ಸಿಗೆ ಊರಿಗೆ ಬರದಿದ್ದರೂ ಇದಕ್ಕೆ ಬರುತ್ತಾರೆ, ನಮ್ಮವರು ಊರ ತೇರಿಗೆ ಬರುವ ಹಾಗೆ.

ಪಡುವಣಗಾಳಿ ಅವರು ಹೇಳಿದ ಹೆಂಗಸರ ಪ್ರಶ್ನೆ ಇಲ್ಲಿಯೂ ಇದೆ. ಹಾಯ್ಕ್ ಊರಿನಲ್ಲಿ 1996ರಲ್ಲಿ ಹೆಂಗಸರು ಮೆರವಣಿಗೆಯಲ್ಲಿ ಕುದುರೆ ಏರಿ ಬಂದಾಗ ಊರೇ ಇಬ್ಭಾಗವಾಯಿತು, ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. ಹಳೆಯದು, ಹೊಸದು ಎಂಬ ಚರ್ಚೆಗೂ ನನ್ನದೊಂದು ಮಾತು: ನಮ್ಮ ಗ್ಯಾಲಶೀಲ್ಸ್ ಹಬ್ಬ ಶುರುವಾದದ್ದು 1930ರಲ್ಲಿ, ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ, ಆದರೂ ಅಂದು ಬೆಳಗ್ಗೆ ಅವರ ಮುಖ ನೋಡಿದರೆ ಐನೂರು ವರ್ಷದ ಹಬ್ಬವೆಂದೇ ಅನ್ನಿಸುತ್ತದೆ. 2015ರಲ್ಲಿ ಮತ್ತೆ ಶುರುವಾದ ರೈಲಿನಲ್ಲಿ ಎಡಿನ್‌ಬರೋದಿಂದ ಗ್ಯಾಲಶೀಲ್ಸ್‌ಗೆ ಒಂದು ಗಂಟೆಯ ದಾರಿ, ಅಲ್ಲಿಂದ ಸೆಲ್ಕರ್ಕಿಗೆ ಬಸ್ಸಿದೆ. ಊರು ನಸುಕಿನಲ್ಲೇ ಏಳುವುದರಿಂದ ಹಿಂದಿನ ರಾತ್ರಿಯೇ ಹೋಗಿ ತಂಗುವುದು ಲೇಸು.

ಫೈಫ್‌ವಾಸಿ
ಡಿಸೆಂಬರ್ 14

ನೂಲುಹುರಿ ಅವರ ಆಕ್ಷೇಪಣೆ ಸರಿ. ಬಿಟ್ಟುಹೋದ ತಿಂಗಳುಗಳನ್ನು ಚುಟುಕಾಗಿ ತುಂಬುತ್ತೇನೆ. ಏಪ್ರಿಲ್ 30ರ ರಾತ್ರಿ ನಿಮ್ಮ ನಗರದ ಕಾಲ್ಟನ್ ಗುಡ್ಡದ ಮೇಲೆ ಬೆಲ್ಟೇನ್ ಬೆಂಕಿಹಬ್ಬ ನಡೆಯುತ್ತದೆ. ಹೆಸರು ಪುರಾತನ, ಈಗಿನ ರೂಪ 1988ರದು. ಚೆನ್ನಾಗಿರುತ್ತದೆ, ಆದರೆ ಟಿಕೇಟು ಕೊಂಡು ನೋಡುವ ನಾಟಕವದು. ಆಗಸ್ಟ್ ತಿಂಗಳಲ್ಲಿ ಮನೆ ಹುಡುಕಿದ ನಿಮಗೆ ಅಂತರರಾಷ್ಟ್ರೀಯ ಉತ್ಸವದ ಬಿಸಿ ಬಾಡಿಗೆಯ ರೂಪದಲ್ಲಿ ಆಗಲೇ ತಟ್ಟಿರಬೇಕು. 1947ರಲ್ಲಿ ಅದು ಶುರುವಾದಾಗ ಕರೆಯದೆಯೇ ಬಂದು ನಾಟಕವಾಡಿದ ಎಂಟು ತಂಡಗಳಿಂದ ಹುಟ್ಟಿದ್ದು ಅದರ ಪಕ್ಕದಲ್ಲೇ ನಡೆಯುವ ಫ್ರಿಂಜ್ ಎಂಬ ಕಲಾಮೇಳ. ಸೆಪ್ಟೆಂಬರಿನ ಮೊದಲ ಶನಿವಾರ ಬ್ರೇಮಾರ್ ಊರಿನಲ್ಲಿ ರಾಜಮನೆತನದವರ ಎದುರು ನಡೆಯುವ ಹೈಲ್ಯಾಂಡ್ ಕ್ರೀಡೆಗಿಂತ ಸಣ್ಣ ಊರಿನ ಕ್ರೀಡೆಯನ್ನೇ ನೋಡಿ, ಹಗ್ಗದ ಪಕ್ಕದಲ್ಲೇ ನಿಲ್ಲಬಹುದು. ಸುಮಾರು ಇಪ್ಪತ್ತು ಅಡಿಯ ಮರದ ಕಾಂಡವನ್ನು ನಿಲ್ಲಿಸಿ ಎತ್ತಿ ಎಸೆಯುವಾಗ ದೂರ ಎಷ್ಟೆಂದು ಅಳೆಯುವುದಿಲ್ಲ. ಅದು ಪಲ್ಟಿ ಹೊಡೆದು ಎಸೆದವನ ಎದುರಿಗೆ ನೇರವಾಗಿ, ಗಡಿಯಾರದ ಹನ್ನೆರಡರ ಮುಳ್ಳಿನಂತೆ ಬಿದ್ದಿತೇ ಎಂಬುದನ್ನಷ್ಟೇ ನೋಡುತ್ತಾರೆ.

ನಿಮ್ಮ ಮಗಳ ವಯಸ್ಸಿಗೆ ಎಲ್ಲಕ್ಕಿಂತ ಹಿತವಾದದ್ದು ಅಕ್ಟೋಬರ್ 31ರ ಹ್ಯಾಲೋವೀನ್. ಅಮೆರಿಕದ ಚಲನಚಿತ್ರಗಳಲ್ಲಿ ಕಾಣುವಂತೆ ಬಾಗಿಲು ತಟ್ಟಿ ಕೈಚಾಚುವುದು ಇಲ್ಲಿಯ ಹಳೆಯ ಕ್ರಮವಲ್ಲ. 'ಗೈಸಿಂಗ್' ಎಂದರೆ ವೇಷ ಹಾಕಿ ಬಂದ ಮಗು ಹಾಡು, ಪದ್ಯ, ಒಗಟು ಏನಾದರೊಂದನ್ನು ಹೇಳಿ ಸಂಪಾದಿಸಬೇಕು. ನನ್ನ ಮಗಳು ಐದನೆಯ ವಯಸ್ಸಿನಲ್ಲಿ ಮಾಟಗಾತಿಯ ಟೋಪಿ ಹಾಕಿಕೊಂಡು, ಹೊಸ್ತಿಲ ಮೇಲೆ ನಿಂತು, ಆನೆಯ ಮೇಲಿನ ನಮ್ಮ ಶಿಶುಗೀತೆಯನ್ನು ಸೊಂಡಿಲು ಆಡಿಸುತ್ತ ಹೇಳಿದಳು. ಆ ಮನೆಯವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಎರಡನೆಯ ಸಲ ಹೇಳಿಸಿ ಎರಡು ಹಿಡಿ ಕಡಲೆಕಾಯಿ ಕೊಟ್ಟರು. ದೀಪಕ್ಕೆ ಕುಂಬಳಕಾಯಿಯ ಬದಲು ಧಾರವಾಡದಾಕಿಯವರು ಹೇಳಿದ ಆ ಹಳದಿ ಗೆಡ್ಡೆಯನ್ನೇ ಕೊರೆಯುವುದು ಹಿಂದಿನ ಪದ್ಧತಿ. ಕಲ್ಲಿನಂತೆ ಗಟ್ಟಿ, ಚಮಚ ಬಾಗುತ್ತದೆ; ನಿಮ್ಮಲ್ಲಿ ಈಳಿಗೆಮಣೆಯಿದ್ದರೆ ಮೇಲ್ಭಾಗ ಕೊಯ್ಯಲು ಅದನ್ನೇ ಬಳಸಿ.

ತುಂಗಾತೀರದವನು
ಜನವರಿ 2

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಹೇಗೆ ನಡೆಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಕಲ್ಲಿದ್ದಲಿಗಾಗಿ ಮೂರು ಅಂಗಡಿ ತಿರುಗಿದೆ, ಸಿಗಲಿಲ್ಲ. ನಮ್ಮ ಕಟ್ಟಡದಲ್ಲಿ ಅಗ್ಗಿಷ್ಟಿಕೆಗಳನ್ನೆಲ್ಲ ಎಂದೋ ಮುಚ್ಚಿಹಾಕಿದ್ದಾರೆ. 31ರ ಮಧ್ಯಾಹ್ನ ಅಜ್ಜಿಯ ಬಳಿ ಇದನ್ನು ಹೇಳಿಕೊಂಡಾಗ ಅವರು ಒಳಗಿನಿಂದ ಬೆಳ್ಳಿಕಾಗದದಲ್ಲಿ ಸುತ್ತಿದ ಮುಷ್ಟಿಗಾತ್ರದ ಗಂಟೊಂದನ್ನು ತಂದು ನನ್ನ ಕೈಗಿಟ್ಟರು. ಅವರ ಯಜಮಾನರು ಬದುಕಿದ್ದಾಗಿನಿಂದಲೂ ಅದೇ ಕಲ್ಲಿದ್ದಲಂತೆ. ಪ್ರತಿವರ್ಷ ಸಂಜೆ ಹೊರಗೆ ಹೋಗಿ ರಾತ್ರಿ ಒಳಗೆ ಬರುತ್ತದೆ. ಅವರದೇ ಕಲ್ಲಿದ್ದಲನ್ನು ಅವರಿಗೇ ಒಯ್ದು ಕೊಡುವುದು ಸರಿಯೇ ಎಂದು ಕೇಳಿದೆ. "ಕಾಲು ನಿನ್ನದಲ್ಲವೇ" ಎಂದರು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಮೆಟ್ಟಿಲಿಗೆ ಬಂದು ನಿಂತೆ. ಉಸಿರು ಹೊಗೆಯಾಗುವಷ್ಟು ಚಳಿ. ಒಂದು ಕೈಯಲ್ಲಿ ಕಲ್ಲಿದ್ದಲು, ಇನ್ನೊಂದರಲ್ಲಿ ನನ್ನ ಹೆಂಡತಿ ಮಾಡಿದ ಶಾರ್ಟ್‌ಬ್ರೆಡ್ ಡಬ್ಬಿ ಮತ್ತು ಊರಿನಿಂದ ತಂದ ಹರಳುಪ್ಪಿನ ಪೊಟ್ಟಣ. ಎಂಟೂ ಬಾಗಿಲುಗಳ ಹಿಂದಿನಿಂದ ಟಿವಿಯವರು ಅಂಕೆಗಳನ್ನು ಇಳಿಸಿಕೊಂಡು ಬರುವ ಸದ್ದು ಒಂದರ ಹಿಂದೊಂದು ಕೇಳಿಸುತ್ತಿತ್ತು. ಬಂದರಿನಲ್ಲಿ ಹಡಗಿನ ಕೊಂಬು ಕೂಗಿದ ಮೇಲೆ ಬಾಗಿಲು ತಟ್ಟಿದೆ. ಅಭ್ಯಾಸಬಲದಿಂದ ಬಲಗಾಲನ್ನೇ ಮೊದಲಿಟ್ಟೆ. ನಾಲ್ಕು ದಿನ ಬಾಯಿಪಾಠ ಮಾಡಿದ್ದ ಹೊಗೆಗೂಡಿನ ಹಾರೈಕೆ ಅರ್ಧಕ್ಕೆ ತಡವರಿಸಿತು, ಉಳಿದರ್ಧವನ್ನು ಅಜ್ಜಿಯೇ ಹೇಳಿ ಮುಗಿಸಿದರು. ನನಗೆಂದು ಮದ್ಯವಿಲ್ಲದ ಶುಂಠಿಯ ಪಾನಕವನ್ನು ಕಾಯ್ದಿಟ್ಟಿದ್ದರು. ನಮ್ಮ ಶುಂಠಿ ಕಷಾಯಕ್ಕೆ ಸಕ್ಕರೆ ಹೆಚ್ಚಾದಂತಿತ್ತು.

ವಾಪಸು ಬರುವಾಗ ಕೆಳಮಹಡಿಯ ದಂಪತಿಗಳು ಬಾಗಿಲು ತೆರೆದು ನಿಂತು, ತಮ್ಮ ಮನೆಗೂ ಯಾರೂ ಬಂದಿಲ್ಲ, ಒಂದು ಹೆಜ್ಜೆ ಇಟ್ಟು ಹೋಗಿ ಎಂದರು. ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಜ್ಜಿ ಮೇಲಿನಿಂದಲೇ ನನ್ನನ್ನು ಕೂಗಿ ನಿಲ್ಲಿಸಿ, ಕಲ್ಲಿದ್ದಲಿನ ಗಂಟನ್ನು ಮೆಟ್ಟಿಲ ಕಂಬಿಯ ಸಂದಿನಿಂದ ಕೆಳಗೆ ಚಾಚಿದರು. ರಾತ್ರಿ ಒಂದೂವರೆಯ ತನಕ ಐದು ಮನೆ ಆಯಿತು. ಕಲ್ಲಿದ್ದಲನ್ನು ಬೆಳಗ್ಗೆ ಅಜ್ಜಿಗೆ ಮರಳಿಸಿದ್ದೇನೆ.

ಧಾರವಾಡದಾಕಿಯವರಲ್ಲಿ ಒಂದು ಕೋರಿಕೆ: ಇಲಿಯ ಪದ್ಯದ ಮೊದಲ ಸಾಲಿನ ಎರಡನೆಯ ವಿಶೇಷಣವನ್ನು ಮಗಳು ಒಂದು ರೀತಿ, ನಾನು ಒಂದು ರೀತಿ ಹೇಳುತ್ತಿದ್ದೇವೆ. 25ರೊಳಗೆ ಧ್ವನಿಮುದ್ರಿಸಿ ಕಳಿಸಿದರೆ ಉಪಕಾರವಾಗುತ್ತದೆ.